ಎಂಬತ್ತನಾಲ್ಕರ ಅಡುಗೆಕಟ್ಟೆ

ಆ ಬೆಳಿಗ್ಗೆ ನದೀಮುಖದಿಂದ ಎದ್ದ ಮಂಜು ಗುನ್ಸಾನ್ ಪೇಟೆಯನ್ನು ಅರ್ಧಕ್ಕರ್ಧ ನುಂಗಿತ್ತು. ಅಪಾರ್ಟ್‌ಮೆಂಟುಗಳ ಕೆಳಗಿನ ಐದಾರು ಮಹಡಿಗಳು ಕಾಣಿಸುತ್ತಲೇ ಇರಲಿಲ್ಲ, ಮೇಲಿನವು ಮಾತ್ರ ತೇಲುತ್ತಿದ್ದವು. ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳುತ್ತಿತ್ತು, ಹಡಗು ಕಾಣದು. ಅಕ್ಟೋಬರಿನ ಕೊನೆಯ ವಾರ. ಇಂಥ ಮಂಜಿನಲ್ಲಿ ಹಲಗೆ ತೇವ ಕುಡಿದು ಉಬ್ಬುತ್ತದೆ, ಮರ ಕೊಯ್ಯುವ ಕೆಲಸ ಹಿಡಿಯಬಾರದು. ಅಳತೆ ತೆಗೆಯಲು ಹೋಗುವುದೇ ವಾಸಿ ಎಂದು ಟೇಪು, ರಸಮಟ್ಟ, ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಇಮ್ಸಿಲಮ್ಮನ ಮನೆಗೆ ಹೊರಟೆ.

ಮನೆಗಳಿಗೆ ಅಡುಗೆಮನೆ ಕೂರಿಸಿಕೊಡುವುದು ನನ್ನ ಕಸುಬು. ಮೂವತ್ತೆರಡು ವರ್ಷವಾಯಿತು. ತಾಕ್ ಮೇಸ್ತ್ರಿ ಎಂದರೆ ಈ ಪೇಟೆಯಲ್ಲಿ ಗೊತ್ತು. ಕೆಲಸ ಮುಗಿಸಿ ಹೊರಡುವ ಮುಂಚೆ ಒಲೆಯನ್ನು ಒಣ ಬಟ್ಟೆಯಿಂದ ಒರೆಸಿ, ಎರಡು ಕೈ ಜೋಡಿಸಿ ಒಮ್ಮೆ ತಲೆಬಾಗುತ್ತೇನೆ. ನನ್ನ ತಾಯಿ ಕಲಿಸಿದ್ದು ಅದು. ಒಲೆಯ ಹಿಂದೆ ಒಲೆಯ ತಾಯಿ ಕೂತಿರುತ್ತಾಳೆ, ಮನೆಯವರು ಆಡುವ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ, ವರ್ಷದ ಕೊನೆಗೆ ಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ ಎನ್ನುತ್ತಿದ್ದಳು. ಗ್ಯಾಸ್ ಒಲೆ ಬಂದಾಗಲೂ ನಾನು ತಲೆಬಾಗುವುದನ್ನು ಬಿಡಲಿಲ್ಲ. ಈಗ ಬೆಂಕಿಯೇ ಇಲ್ಲದ ಇಂಡಕ್ಷನ್ ಒಲೆಗಳು ಬಂದಿವೆ. ಕರಿ ಗಾಜಿಗೂ ತಲೆಬಾಗುತ್ತೇನೆ. ಗಿರಾಕಿಗಳು ನಾನು ಬಗ್ಗಿ ಮಟ್ಟ ನೋಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಇಮ್ಸಿಲಮ್ಮ ಹುಟ್ಟಿದ ಊರು ಇಮ್ಸಿಲ್, ಹಾಗಾಗಿ ಆ ಹೆಸರು. ಎಪ್ಪತ್ತೊಂಬತ್ತು ವರ್ಷ. ಮಗ ಸಂಗ್‌ಮೊ ಬಂದರಿನಲ್ಲಿ ಕ್ರೇನು ಓಡಿಸುತ್ತಾನೆ. ಸೊಸೆ ಮಿರಾನ್ ಶಾಲೆಯೊಂದರಲ್ಲಿ ಆರುನೂರು ಮಕ್ಕಳ ಮಧ್ಯಾಹ್ನದೂಟದ ಉಸ್ತುವಾರಿ. ಮೂವರೂ ಹನ್ನೊಂದನೇ ಮಹಡಿಯಲ್ಲಿ ಹದಿನೆಂಟು ವರ್ಷದಿಂದ ಇದ್ದಾರೆ. ಅಡುಗೆಮನೆ ಅಪಾರ್ಟ್‌ಮೆಂಟು ಕಟ್ಟಿದವರು ಕೂರಿಸಿದ್ದೇ: ಗೋಡೆಗೆ ಮುಖ ಮಾಡಿದ ಉದ್ದನೆಯ ಒಂದೇ ಕಟ್ಟೆ, ಸ್ಟೀಲಿನ ಮೇಲ್ಭಾಗ, ನೆಲದಿಂದ ಎಂಬತ್ತು ಸೆಂಟಿಮೀಟರ್. ಆ ಕಾಲದಲ್ಲಿ ಎಲ್ಲರ ಮನೆಗೂ ಎಂಬತ್ತೇ.

ಮಿರಾನ್‌ಗೆ ಬೇಕಾದದ್ದು ಹೊಸ ಬಗೆಯದು. ಕಟ್ಟೆ ಗೋಡೆ ಬಿಟ್ಟು ನಡುವೆ ಬರಬೇಕು, ಅಡುಗೆ ಮಾಡುವವರ ಮುಖ ಹಜಾರದ ಕಡೆಗಿರಬೇಕು, ಒಲೆಯೂ ಅದರ ಮೇಲೇ ಕೂರಬೇಕು. ಹಿಡಿಕೆಗಳಿಲ್ಲದ ಬಿಳಿ ಬಾಗಿಲುಗಳು, ಒತ್ತಿದರೆ ತೆರೆದುಕೊಳ್ಳುವಂಥವು. ಗೋಡೆಯ ಮೇಲೆ ಏನೂ ಬೇಡ, ಬರೀ ಗೋಡೆ. ಹದಿನೆಂಟು ವರ್ಷ ಮನೆಯವರಿಗೆ ಬೆನ್ನು ತೋರಿಸಿ ನಿಂತದ್ದು ಸಾಕಾಯಿತು ಎಂದು ನಕ್ಕಳು. ವರ್ಷಕ್ಕಾಗುವಷ್ಟು ಕಿಮ್ಚಿ, ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ಹೊತ್ತಿಗೆ, ಅಂದರೆ ನವೆಂಬರ್ ಕೊನೆಗೆ, ಎಲ್ಲ ಮುಗಿದಿರಬೇಕು.

ನಮ್ಮ ಕಸುಬಿನಲ್ಲಿ ಕಟ್ಟೆಯ ಎತ್ತರಕ್ಕೆ ಒಂದು ಲೆಕ್ಕವಿದೆ. ಅಲ್ಲಿ ನಿಲ್ಲುವವರ ಎತ್ತರದಲ್ಲಿ ಅರ್ಧ, ಅದಕ್ಕೆ ಐದು ಸೇರಿಸಬೇಕು. ಮಿರಾನ್ ನೂರ ಅರವತ್ತೆಂಟು, ಅವಳಿಗೆ ಎಂಬತ್ತೊಂಬತ್ತು ಬೇಕು. ಇಮ್ಸಿಲಮ್ಮ ಬಾಗಿ ಬಾಗಿ ನೂರ ನಲವತ್ತೆಂಟಕ್ಕೆ ಇಳಿದಿದ್ದರು. ಅವರಿಗೆ ಎಪ್ಪತ್ತೊಂಬತ್ತು. ಯಾರ ಅಳತೆಗೆ ಮಾಡಲಿ ಎಂದು ಕೇಳಿದೆ. ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಅತ್ತೆಯನ್ನು ನೋಡಿದಳು. ನೀವೇ ನೋಡಿ ಮಾಡಿ ಎಂದರು ಇಬ್ಬರೂ. ಸಂಗ್‌ಮೊ ಪತ್ರಿಕೆಯಿಂದ ಮುಖ ಎತ್ತಲಿಲ್ಲ.

ಮಿರಾನ್ ನನ್ನ ಜೊತೆ ಲಿಫ್ಟಿನಲ್ಲಿ ಕೆಳಗಿಳಿದು ಬಂದಳು. ಒಂದು ಕೈ ಸೊಂಟದ ಮೇಲಿತ್ತು. ಎಂಬತ್ತರ ಕಟ್ಟೆಗೆ ಹದಿನೆಂಟು ವರ್ಷ ಬಗ್ಗಿದ ಸೊಂಟ, ನೋಡಿದರೇ ತಿಳಿಯುತ್ತಿತ್ತು.

"ಅತ್ತೆ ಎತ್ತರಕ್ಕೇ ಮಾಡಿಬಿಡಿ ಮೇಸ್ತ್ರಿಗಳೇ," ಎಂದಳು. "ನಾನು ಹೇಳಿದ್ದು ಅಂತ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಬೇಡವೇ ಬೇಡ ಅಂತ ಕೂತ್ಬಿಡ್ತಾರೆ."

ಆಗಲಿ ಎಂದೆ.

ಮಾರನೆಯ ದಿನ ಇಮ್ಸಿಲಮ್ಮ ಎರಡು ಬಸ್ಸು ಹತ್ತಿ ಇಳಿದು ನನ್ನ ಅಂಗಡಿಗೇ ಬಂದರು. ಕೈಯಲ್ಲಿ ಆರು ಪರ್ಸಿಮನ್ ಹಣ್ಣು. ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಕೊಯ್ಯುವ ಯಂತ್ರ ನಿಲ್ಲುವವರೆಗೂ ಕಾದು, ಮೆಲ್ಲಗೆ ಹೇಳಿದರು:

"ಅವಳ ಎತ್ತರಕ್ಕೆ ಮಾಡಿ. ಹುಡುಗಿ ಸೊಂಟ ಹಿಡ್ಕೊಂಡು ಮಲಗೋದು ನೋಡಕ್ಕಾಗಲ್ಲ. ನಾನು ಬಂದಿದ್ದೆ ಅಂತ ಹೇಳ್ಬೇಡಿ, ತಾಕ್ ಮೇಸ್ತ್ರಿ. ಹೇಳಿದ್ರೆ ನನ್ನ ಹಟಕ್ಕೆ ಅವಳ ಹಟ."

ಅದಕ್ಕೂ ಆಗಲಿ ಎಂದೆ. ಅವರು ಹೋದ ಮೇಲೆ ಹೆಂಡತಿ ಹಣ್ಣು ಸುಲಿಯುತ್ತ ಕೂತಳು. ಬಾಯಿಗೆ ಬೀಗ ಹಾಕಿಕೊಂಡು ಕೀಲಿಯನ್ನು ಅತ್ತೆಗೊಂದು ಸೊಸೆಗೊಂದು ಹಂಚಿ ಬಂದಿದ್ದೀರಿ, ಇನ್ನು ಊಟ ಹೇಗೆ ಮಾಡುತ್ತೀರೋ ನೋಡೋಣ ಎಂದು ಹಂಗಿಸಿದಳು. ಇಬ್ಬರನ್ನೂ ಎದುರುಬದುರು ಕೂರಿಸಿ ಹೇಳಿಬಿಡಿ ಎಂದಳು. ನಮ್ಮಲ್ಲಿ ಹಾಗೆ ಹೇಳಲಾಗುವುದಿಲ್ಲ. ಒಬ್ಬರು ಗುಟ್ಟಾಗಿ ತೋರಿಸಿದ ಕರುಣೆಯನ್ನು ಇನ್ನೊಬ್ಬರ ಮುಂದೆ ಬಿಚ್ಚಿಟ್ಟರೆ ಇಬ್ಬರಿಗೂ ತಲೆ ತಗ್ಗಿದ ಹಾಗೆ. ನಾನು ರಾತ್ರಿ ಕೂತು ನಕ್ಷೆ ಬರೆದೆ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು. ನಡುವೆ ಎಂಬತ್ತನಾಲ್ಕು. ಇಬ್ಬರ ಮಾತಿಗೂ ಅರ್ಧರ್ಧ ಮರ್ಯಾದೆ ಕೊಟ್ಟ ಹಾಗಾಯಿತು ಎಂದುಕೊಂಡು ನಕ್ಷೆ ಮಡಚಿಟ್ಟೆ. ಮೂವತ್ತೆರಡು ವರ್ಷದ ಕಸುಬಿನಲ್ಲಿ ಅಷ್ಟು ದೊಡ್ಡ ತಪ್ಪು ಮಾಡಿದ್ದು ಅದೇ ಮೊದಲು.

ಹಳೆಯದನ್ನು ಕಿತ್ತ ದಿನ ಇನ್ನೊಂದು ಸಂಗತಿ ನಡೆಯಿತು. ಗ್ಯಾಸ್ ಒಲೆಯ ಹಿಂದಿನ ಗೋಡೆಗೆ, ಇಮ್ಸಿಲಮ್ಮನ ಎದೆಯ ಎತ್ತರಕ್ಕೆ, ಒಂದು ಚಿಕ್ಕ ಹಲಗೆ ಬಡಿದಿತ್ತು. ಎರಡು ಗೇಣು ಉದ್ದದ ಪೈನ್ ಮರ, ಹೊಗೆಗೆ ಕಂದುಬಣ್ಣಕ್ಕೆ ತಿರುಗಿತ್ತು. ನಡುವೆ ಮಾತ್ರ ಬಟ್ಟಲಿನ ಅಡಿಯಷ್ಟಗಲದ ಬಿಳಿಚಿದ ಗುರುತು. ಗಂಡ ಇದ್ದಾಗ ಬಡಿದುಕೊಟ್ಟದ್ದಂತೆ. ದಿನಾ ನಸುಕಿನಲ್ಲಿ ಎದ್ದು, ಯಾರೂ ಮುಟ್ಟದ ಮೊದಲ ನೀರನ್ನು ಬಿಳಿ ಬಟ್ಟಲಿಗೆ ಹಿಡಿದು ಒಲೆಯ ತಾಯಿಯ ಮುಂದೆ ಆ ಹಲಗೆಯ ಮೇಲಿಟ್ಟು, ಅಂಗೈಗೆ ಅಂಗೈ ಉಜ್ಜುತ್ತ ಮನೆಯವರ ಹೆಸರು ಹೇಳಿಕೊಳ್ಳುವುದು ಅವರ ಪದ್ಧತಿ. ಹಲಗೆ ಎತ್ತಿಡಿ, ಆಮೇಲೆ ಕೇಳುತ್ತೇನೆ ಎಂದಿದ್ದರು. ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸಂಜೆಗೆ ನೋಡಿದರೆ ಕೈಕೆಲಸಕ್ಕೆ ಬಂದಿದ್ದ ನನ್ನ ಭಾಮೈದ ಅದನ್ನೂ ಹಳೆಯ ಸ್ಟೀಲು ಕಟ್ಟೆಯ ಜೊತೆ ಲಾರಿಗೆ ತುಂಬಿದ್ದ. ನನ್ನ ಅಂಗಡಿಯ ಅಂಗಳದಲ್ಲಿ ಸುರಿದ ರಾಶಿಯಿಂದ ಹುಡುಕಿ ತೆಗೆದು, ಒರೆಸಿ, ಅಂಗಡಿಯ ಕಪಾಟಿನ ಮೇಲಿಟ್ಟೆ. ಅಲ್ಲೇ ಉಳಿಯಿತು. ಹೊಸ ಅಡುಗೆಮನೆಯಲ್ಲಿ ಒಲೆಯ ಹಿಂದೆ ಗೋಡೆಯೇ ಇಲ್ಲವಲ್ಲ. ಎಲ್ಲಿ ಬಡಿದುಕೊಳ್ಳಿ ಎಂದು ಹೇಳಿ ಕೊಡಲಿ? ಜಾಗವಿಲ್ಲದವರ ಕೈಗೆ ಹಾಸಿಗೆ ಕೊಟ್ಟ ಹಾಗೆ. ನಾಳೆ ನಾಡಿದ್ದು ಎಂದು ಮುಂದೂಡಿದೆ. ಅವರೂ ಕೇಳಲಿಲ್ಲ.

ನವೆಂಬರ್ ಹತ್ತಕ್ಕೆ ಕೆಲಸ ಮುಗಿಯಿತು. ಬಿಳಿ ಕಲ್ಲಿನ ಕಟ್ಟೆ ಹಜಾರದ ಬೆಳಕಿಗೆ ಥಳಥಳಿಸುತ್ತಿತ್ತು. ಡ್ರಾಯರುಗಳು ತಳ್ಳಿದರೆ ತಾವೇ ಮೆಲ್ಲಗೆ ಒಳಗೆ ಹೋಗುತ್ತಿದ್ದವು. ಒಲೆ ಒರೆಸಿ ತಲೆಬಾಗಿದೆ, ಆದರೆ ಎಂದಿನ ನೆಮ್ಮದಿ ಬರಲಿಲ್ಲ. ಮಿರಾನ್ ಕಟ್ಟೆಯ ಮೇಲೆ ಎರಡು ಕೈ ಊರಿ ನಿಂತಳು, ಸ್ವಲ್ಪ ಬಗ್ಗಿದ್ದಳು. ಚೆನ್ನಾಗಿದೆ ಎಂದಳು. ಇಮ್ಸಿಲಮ್ಮ ಬಂದು ಅಂಚಿನ ಮೇಲೆ ಬೆರಳು ಸವರಿದರು. ಅವರ ಮೊಣಕೈ ಮೇಲೆದ್ದಿತ್ತು. ಅವರೂ ಚೆನ್ನಾಗಿದೆ ಎಂದರು.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಗಟು ಪೇಟೆಗೆ ಹೋಗುವ ದಾರಿ ಅವರ ಕಟ್ಟಡದ ಪಕ್ಕದಲ್ಲೇ ಹಾದುಹೋಗುತ್ತದೆ. ನಸುಕಿನಲ್ಲಿ ಲಾರಿ ನಿಲ್ಲಿಸಿ ಮೇಲೆ ನೋಡುತ್ತಿದ್ದೆ. ಮೊದಲೆಲ್ಲ ಆ ಹೊತ್ತಿಗೆ ಹನ್ನೊಂದನೇ ಮಹಡಿಯ ಒಂದೇ ಕಿಟಕಿಯಲ್ಲಿ ಬೆಳಕು ಕಾಣುತ್ತಿತ್ತು, ಅಲ್ಲೇ ನಿಂತಿರುತ್ತಿತ್ತು. ಈಗ ಅಡುಗೆಮನೆಯಲ್ಲಿ ಹೊತ್ತಿ ಆರುತ್ತಿತ್ತು, ಹಜಾರದಲ್ಲಿ ಹೊತ್ತುತ್ತಿತ್ತು, ಹಿಂದಿನ ಬಾಲ್ಕನಿಗೆ ಹೋಗುತ್ತಿತ್ತು, ಮತ್ತೆ ಅಡುಗೆಮನೆಗೆ ಬರುತ್ತಿತ್ತು. ಕೈಯಲ್ಲಿ ತುಂಬಿದ ಬಟ್ಟಲು ಹಿಡಿದು ಜಾಗ ಹುಡುಕುವವರ ಬೆಳಕು ಅದು. ಮೂರನೆಯ ದಿನ ನಾನು ಆ ದಾರಿಯನ್ನೇ ಬಿಟ್ಟು ಬಳಸು ದಾರಿ ಹಿಡಿದೆ. ಆದರೂ ಕಪಾಟಿನ ಮೇಲಿನ ಹಲಗೆ ಕಣ್ಣಿಗೆ ಬೀಳುತ್ತಲೇ ಇತ್ತು.

ಒಂದು ದಿನ ಸಂಗ್‌ಮೊ ಫೋನು ಮಾಡಿದ. ಮನೆಯಲ್ಲಿ ಏನೋ ಸರಿಯಿಲ್ಲ ಎಂದ. ಅಮ್ಮ ನಸುಕಿನಲ್ಲಿ ಆ ಬಟ್ಟಲನ್ನು ಗಾಜಿನ ಒಲೆಯ ಮೇಲಿಟ್ಟು ಅಂಗೈ ಉಜ್ಜುತ್ತಿದ್ದರಂತೆ. ನೀರು ತುಳುಕಿ ಗುಂಡಿಗಳ ಮೇಲೆ ಬಿದ್ದು ಒಲೆ ಕುಯ್ಯೋ ಎಂದು ಬಡಿದುಕೊಂಡಿತಂತೆ. ಎಲ್ಲರೂ ಎದ್ದು ಬಂದಾಗ ಅಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಉಟ್ಟ ಬಟ್ಟೆಯ ಅಂಚಿನಿಂದ ಒರೆಸುತ್ತಿದ್ದರಂತೆ. ಅಂದಿನಿಂದ ಒಂದು ತರಕಾರಿ ಹೆಚ್ಚಲೂ ಒಳಗೆ ಬರುವುದಿಲ್ಲ, ಹಜಾರದ ನೆಲದ ಮೇಲೆ ಕೂತಿರುತ್ತಾರೆ. ಹೆಂಡತಿಯೂ ಮಾತು ಕಡಿಮೆ ಮಾಡಿದ್ದಾಳೆ. ಹೋದ ವಾರ ಅಮ್ಮ ಸೇತುವೆಯಾಚೆಯ ವೃದ್ಧಾಶ್ರಮದ ಫೋನ್ ನಂಬರು ಕೇಳಿದರು ಎಂದ. ಅಡುಗೆಮನೆಗೂ ಇದಕ್ಕೂ ಏನು ಸಂಬಂಧ ಎಂದು ಅವನಿಗೆ ಹೊಳೆದಿರಲಿಲ್ಲ. ಕೇಳಿದ್ದು ಮಾತ್ರ ನನ್ನನ್ನೇ.

ಹೆಂಡತಿಗೆ ಹೇಳಿದೆ. ಅವಳು ಹಂಗಿಸಲಿಲ್ಲ. ಹೋಗಿ ಬನ್ನಿ ಎಂದಷ್ಟೇ ಹೇಳಿದಳು. ಹೊರಡುವಾಗ ಕಪಾಟಿನ ಮೇಲಿನ ಹಲಗೆಯನ್ನು ಹಳೆಯ ಟವಲಿನಲ್ಲಿ ಸುತ್ತಿ ಚೀಲದ ಜೊತೆ ಇಟ್ಟಿದ್ದಳು.

ಅದು ಶನಿವಾರ. ಹೋಗಿ ನೋಡಿದರೆ ಅವರ ಮನೆಯಲ್ಲಿ ಅಂದೇ ವರ್ಷದ ಕಿಮ್ಚಿ. ಉಪ್ಪಿನಲ್ಲಿ ನೆನೆದು ಬಾಡಿದ ನಲವತ್ತು ಎಲೆಕೋಸು ಸ್ನಾನದ ತೊಟ್ಟಿಯಿಂದ ಬುಟ್ಟಿಗಳಿಗೆ ಬಂದಿದ್ದವು. ಮೂಲಂಗಿಯ ಎಸಳು, ಮೆಣಸಿನ ಪುಡಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಸೀಗಡಿ ಕಲಸಿದ ಕೆಂಪು ರಾಶಿ ಬಿಳಿ ಕಟ್ಟೆಯ ಮೇಲಿತ್ತು. ಹಿಂದೆ ಇದೆಲ್ಲ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಕೂತು ಮಾಡುವ ಕೆಲಸ. ಅತ್ತೆಗೆ ಮಂಡಿ ನೋವು, ಈ ಸಲ ನಿಂತೇ ಮಾಡೋಣ, ಅದಕ್ಕೇ ಅಲ್ಲವೇ ಇಷ್ಟು ದೊಡ್ಡ ಕಟ್ಟೆ ಎಂದು ಮಿರಾನ್ ಒತ್ತಾಯ ಮಾಡಿದ್ದಳಂತೆ. ಡ್ರಾಯರಿನ ಓಟ ನೋಡಿ ಹೋಗಲು ಬಂದೆ ಎಂದು ಸುಳ್ಳು ಹೇಳಿ ನಾನು ಮೂಲೆಯಲ್ಲಿ ಮಂಡಿಯೂರಿದೆ.

ಮಂಡಿಯೂರಿ ಕೂತವನಿಗೆ ಎಲ್ಲ ಕಾಣುತ್ತದೆ. ಒಂದು ಕಡೆ ಮಿರಾನ್ ಬೆನ್ನು ಬಾಗಿಸಿ ನಿಂತಿದ್ದಳು, ನಾಲ್ಕು ಎಲೆಕೋಸಿಗೊಮ್ಮೆ ಮೊಣಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದಳು. ಎದುರಿಗೆ ಇಮ್ಸಿಲಮ್ಮ ತುದಿಗಾಲಲ್ಲಿದ್ದರು. ಭುಜ ಕಿವಿಯ ತನಕ ಏರಿತ್ತು, ಕೆಂಪು ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಅಂಗಿಯ ತೋಳಿನೊಳಗೆ ಹೋಗುತ್ತಿತ್ತು. ಇಬ್ಬರೂ ಎಲೆ ಎಲೆಗೂ ಖಾರ ಹಚ್ಚುತ್ತಿದ್ದರು. ನನ್ನ ಎಂಬತ್ತನಾಲ್ಕು ಅವರಿಬ್ಬರ ನಡುವೆ ಬಿಳಿಯಾಗಿ ಮಲಗಿತ್ತು.

ಆಗ ಇಮ್ಸಿಲಮ್ಮ ಕೈ ನಿಲ್ಲಿಸದೆ, ಹವೆಯ ಮಾತು ಆಡುವವರ ಹಾಗೆ ಹೇಳಿದರು.

"ಸೇತುವೆ ಆಚೆ ಆ ಮನೇಲಿ ದಕ್ಷಿಣದ ಕಿಟಕಿ ಇರೋ ಕೋಣೆ ಖಾಲಿ ಇದ್ಯಂತೆ ಮಗು. ಕಿಮ್ಚಿ ಕೆಲಸ ಇವತ್ತಿಗೆ ಮುಗಿಯುತ್ತಲ್ಲ, ಸೋಮವಾರ ಹೋಗಿ ನೋಡ್ಕೊಂಡು ಬರೋಣ. ನಿನ್ನ ಅಡುಗೆಮನೇಲಿ ನಾನು ಅಡ್ಡ ಅಡ್ಡ ಸಿಕ್ತೀನಿ."

ಮಿರಾನ್‌ಳ ಕೈ ನಿಂತಿತು. "ನನ್ನ ಅಡುಗೆಮನೆ ಅಂತ ಯಾರು ಹೇಳಿದ್ರು ಅತ್ತೆ? ನಿಮಗೆ ಇಷ್ಟವಾಗ್ಲಿಲ್ಲ ಅಂದ್ರೆ ಹೇಳ್ಬೋದಿತ್ತು. ಎತ್ತರ ಏರಿಸೋಕೆ ನೀವೇ ಹೇಳಿ ಕಳಿಸಿ, ಈಗ ಹೋಗ್ತೀನಿ ಅಂತೀರಿ."

ಅವಳಿಗೆ ಹಾಗೆ ತೋರಿದ್ದು ಸಹಜ. ತಾನು ಅತ್ತೆಯ ಎತ್ತರಕ್ಕೆ ಮಾಡಿ ಎಂದಿದ್ದಳು, ಬಂದದ್ದು ಅದಲ್ಲ. ಅತ್ತೆಗೆ ತೋರಿದ್ದೂ ಸಹಜವೇ. ಸೊಸೆಯ ಎತ್ತರಕ್ಕೆ ಮಾಡಿ ಎಂದರೂ ಅವಳ ಸೊಂಟ ಬಾಗೇ ಇದೆ, ತನ್ನ ಕೈಯಂತೂ ಎಟಕುವುದಿಲ್ಲ. ಈ ಕಟ್ಟೆ ಯಾರಿಗಾಗಿಯೋ, ತನಗಂತೂ ಅಲ್ಲ. ತಮ್ಮ ಮಾತನ್ನು ಇನ್ನೊಬ್ಬರು ಹಿಂದಿನಿಂದ ತಿರುಗಿಸಿದ್ದಾರೆ ಎಂದು ಇಬ್ಬರೂ ಹದಿನೆಂಟು ದಿನ ಅಂದುಕೊಂಡಿದ್ದರು. ಒಲೆಯ ತಾಯಿ ಎಲ್ಲಿ ಕೂತಿದ್ದಾಳೋ ಗೊತ್ತಿಲ್ಲ, ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. ನಾನು ಎದ್ದು ನಿಂತೆ.

"ತಪ್ಪು ನಂದು," ಎಂದು ಇಮ್ಸಿಲಮ್ಮನ ಕಡೆ ತಿರುಗಿದೆ. "ಇವರು ನಿಮ್ಮ ಎತ್ತರಕ್ಕೆ ಮಾಡಿ ಅಂದ್ರು, ನೀವು ಇವರ ಎತ್ತರಕ್ಕೆ ಮಾಡಿ ಅಂದ್ರಿ. ಇಬ್ರೂ ಬಾಯಿ ಬಿಡ್ಬೇಡಿ ಅಂದ್ರಿ. ನಾನು ಜಾಣ ಅನ್ಕೊಂಡು ನಡುವೆ ಕೊಯ್ದೆ, ನಿಮಗೆ ಐದು ಸೆಂಟಿಮೀಟರ್ ಹೆಚ್ಚು, ಇವರಿಗೆ ಐದು ಕಡಿಮೆ."

ಸಂಗ್‌ಮೊ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಿರಾನ್ ಅತ್ತೆಯ ತೋಳಿನ ಕೆಂಪು ರಸವನ್ನು ನೋಡಿದಳು. ಇಮ್ಸಿಲಮ್ಮ ಮೆಲ್ಲಗೆ ತುದಿಗಾಲಿನಿಂದ ಹಿಮ್ಮಡಿಗೆ ಇಳಿದರು.

"ನಾನೈದು ಬಿಟ್ಟೆ, ಅವಳೈದು ಬಿಟ್ಲು," ಎಂದರು ಕೊನೆಗೆ. "ಇಬ್ರಿಗೂ ಸಿಕ್ಕಿದ್ದು ಮೈಕೈನೋವು. ಒಳ್ಳೇ ವ್ಯಾಪಾರಿ ನೀವು, ತಾಕ್ ಮೇಸ್ತ್ರಿ."

ಮಿರಾನ್ ನಗಲು ಹೋದಳು. ಅಳು ಬಂತು. ಕೈತುಂಬ ಮೆಣಸಿನ ಪುಡಿ, ಕಣ್ಣು ಒರೆಸಿಕೊಳ್ಳುವಂತಿಲ್ಲ. ಇಮ್ಸಿಲಮ್ಮ ತಮ್ಮ ಮುಂಗೈಯ ಶುಭ್ರವಾದ ಜಾಗದಿಂದ ಅವಳ ಕೆನ್ನೆ ಒರೆಸಿದರು, ಅದಕ್ಕೂ ತುದಿಗಾಲ ಮೇಲೆ ನಿಲ್ಲಬೇಕಾಯಿತು.

ಸೋಮವಾರ ಅವರು ಸೇತುವೆಯಾಚೆಗೆ ಹೋಗಲಿಲ್ಲ, ನಾನು ಲಾರಿ ತೆಗೆದುಕೊಂಡು ಅವರ ಮನೆಗೆ ಹೋದೆ. ಈಗಿನ ಕಟ್ಟೆಗಳ ಕೆಳಗೆ ತಿರುಗಿಸಿ ಏರಿಸಬಹುದಾದ ಕಾಲುಗಳಿರುತ್ತವೆ, ಮುಂದೆ ಒಂದು ಅಡಿಪಟ್ಟಿ ಅವನ್ನು ಮರೆಮಾಡಿರುತ್ತದೆ. ನಾನೂ ಸಂಗ್‌ಮೊನೂ ನೆಲಕ್ಕೆ ಕೆನ್ನೆಯೊತ್ತಿ ಮಲಗಿ ಒಂದೊಂದೇ ಕಾಲನ್ನು ಸುತ್ತು ಸುತ್ತಾಗಿ ಏರಿಸಿದೆವು. ಕ್ರೇನು ಓಡಿಸುವವನು, ಎತ್ತುವಾಗ ತೂಕ ಯಾವ ಕಡೆ ವಾಲುತ್ತದೆ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ತಿಳಿಯುತ್ತಿತ್ತು. ಎಂಬತ್ತೊಂಬತ್ತಕ್ಕೆ ರಸಮಟ್ಟದ ಗುಳ್ಳೆ ನಡುವೆ ನಿಂತಿತು. ಮಿರಾನ್ ಶಾಲೆಯಿಂದ ಬಂದವಳು ಚೀಲ ಇಳಿಸುವ ಮುಂಚೆಯೇ ಕಟ್ಟೆಯ ಮುಂದೆ ನೆಟ್ಟಗೆ ನಿಂತು ನೋಡಿದಳು.

ಅಂಗಳದಲ್ಲಿ ಉಳಿದಿದ್ದ ಹಳೆಯ ಸ್ಟೀಲು ಕಟ್ಟೆಯಿಂದ ಒಂದು ಮೀಟರು ಕತ್ತರಿಸಿ, ಒಂದು ಸೆಂಟಿಮೀಟರು ಇಳಿಸಿ, ಹಿಂದಿನ ಬಾಲ್ಕನಿಯಲ್ಲಿ ಕೂರಿಸಿದೆ. ಅಲ್ಲಿ ಮೊದಲೇ ಬಟ್ಟೆ ಒಗೆಯುವ ಯಂತ್ರವಿತ್ತು, ಕಿಮ್ಚಿಯ ಫ್ರಿಜ್ಜಿತ್ತು, ಮೀನು ಸುಡಲು ಒಂದೇ ಬರ್ನರಿನ ಗ್ಯಾಸ್ ಒಲೆ ಕೂರಿಸುವ ಯೋಜನೆಯೂ ಇತ್ತು. ಗ್ಯಾಸಿನವರು ಬಂದು ಕೊಳವೆ ಜೋಡಿಸಿ ಹೋದರು. ವಾಸನೆ ಒಳಗೆ ಬರದಿರಲೆಂದು ಮುಂದಿನ ಅಡುಗೆಮನೆ ಬಿಳಿಯಾಗಿರುವ ಮನೆಗಳಲ್ಲೆಲ್ಲ ನಿಜವಾದ ಅಡುಗೆ ನಡೆಯುವುದು ಹಿಂದೆಯೇ. ಮಿರಾನ್ ಬಂದು ಹಿಂದಿನ ಗೋಡೆಯನ್ನು ನೋಡುತ್ತ ನಿಂತಳು. ಆ ಬಟ್ಟಲು ಎಲ್ಲಿಡುತ್ತಾರೆ ಎಂದು ತಾನು ಒಂದು ಸಲವೂ ಕೇಳಲಿಲ್ಲವಲ್ಲ ಎಂದಳು, ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಆಮೇಲೆ ನನ್ನ ಚೀಲದಿಂದ ಪೆನ್ಸಿಲು ತೆಗೆದುಕೊಂಡು, ಅತ್ತೆಯನ್ನು ಒಲೆಯ ಮುಂದೆ ನಿಲ್ಲಿಸಿ, ಅವರ ಎದೆಯ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದು ಹೊರಗೆ ಹೋದಳು.

ಇಮ್ಸಿಲಮ್ಮ ಒಲೆಯ ಗುಂಡಿ ತಿರುಗಿಸಿದರು. ನೀಲಿ ಜ್ವಾಲೆ ಹತ್ತಿತು. ಒಂದು ಗಳಿಗೆ ನೋಡಿ ಆರಿಸಿದರು.

ಶನಿವಾರ ಆ ಹಲಗೆಯನ್ನು ಚೀಲದಿಂದ ತೆಗೆಯುವ ಧೈರ್ಯವಾಗಿರಲಿಲ್ಲ. ಈಗ ಟವಲು ಬಿಚ್ಚಿದೆ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಇಮ್ಸಿಲಮ್ಮ ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಆ ಬಿಳಿಚಿದ ಗುರುತನ್ನು ಒಂದು ಸುತ್ತು ಸವರಿದರು.